ಸಂಬಂಧ ನೋಡುವ ಹೊತ್ತಿಗೆ ಅಂತರರಾಷ್ಟ್ರೀಯ ಸಂಬಂಧ!

‘ಸರ್, ಮನಿಯಾಗ ನಾವು ಈಕಿಗೆ ಸಂಬಂಧ ನೋಡಾಕತ್ತೀವಿ. ಈಕಿ ನೋಡಿದ್ರ ಅಂತರರಾಷ್ಟ್ರೀಯ ಸಂಬಂಧ ಓದ್ತೀನಿ ಅಂತಾಳ. ಡಾಕ್ಟ್ರು ಅಂದ್ರ ನಮಗ ತಿಳೀತದ, ಇಂಜಿನಿಯರ್ ಅಂದ್ರ ತಿಳೀತದ. ಇದನ್ನ ಓದಿದ್ರ ಮುಂದ ಏನಾಗ್ತಾಳ್ರಿ?’

ಕಳೆದ ಡಿಸೆಂಬರಿನ ಒಂದು ಭಾನುವಾರ ಬಳ್ಳಾರಿಯ ನಮ್ಮ ಮನೆಗೆ ಬಂದ ತಂದೆಯೊಬ್ಬರು ಕೇಳಿದ ಪ್ರಶ್ನೆ ಇದು. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತರು ಅವರು. ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿದ್ದ ಮಗಳು ಕುರುಗೋಡಿನ ಅಜ್ಜನ ಮನೆಯಲ್ಲಿದ್ದುಕೊಂಡು ಪ್ರೌಢಶಾಲೆ ಓದಿದವಳು. ಅಲ್ಲಿ ನನ್ನ ವಿದ್ಯಾರ್ಥಿನಿ.

ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹತ್ತನೇ ತರಗತಿಯಲ್ಲಿ ಈ ಹುಡುಗಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಆದರೆ ಅವಳ ಮನಸ್ಸೆಲ್ಲ ಭೂಪಟದ ಮೇಲೆ. ಬಿಡುವಿನ ವೇಳೆಯಲ್ಲಿ ಗೋಡೆಯ ಏಷ್ಯಾ ಭೂಪಟದ ಮುಂದೆ ನಿಂತು ದೇಶಗಳ ಹೆಸರು ಓದುತ್ತಿದ್ದವಳು ಅವಳೊಬ್ಬಳೇ. ಅದನ್ನು ಕಂಡೂ ನಾನು ‘ಇಷ್ಟು ಅಂಕ ಬಂದ ಮೇಲೆ ಆರ್ಟ್ಸ್ ಯಾಕಮ್ಮ?’ ಎಂದು ಗದರಿಸಿ ಪಿ.ಯು.ಸಿ. ವಿಜ್ಞಾನಕ್ಕೆ ಸೇರಿಸಿದೆ. ಎರಡು ವರ್ಷ ಒದ್ದಾಡಿ ಹೇಗೋ ಪಾಸಾದಳು. ಆಮೇಲೆ ತಾನೇ ಹಟ ಹಿಡಿದು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ತೆಗೆದುಕೊಂಡು ಬಿ.ಎ. ಮುಗಿಸಿದಳು. ಹೀಗಾಗಿ ಈ ಸಲ ತಿಳಿಯದೆ ಸಲಹೆ ಕೊಡುವ ಧೈರ್ಯ ನನಗಿರಲಿಲ್ಲ. ‘ಒಂದು ತಿಂಗಳು ಸಮಯ ಕೊಡಿ, ವಿಚಾರಿಸಿ ಹೇಳುತ್ತೇನೆ’ ಎಂದು ಕಳುಹಿಸಿದೆ. ಆ ಒಂದು ತಿಂಗಳಲ್ಲಿ ತಿಳಿದದ್ದನ್ನು, ಇಂಥದೇ ಪ್ರಶ್ನೆ ಹೊತ್ತ ಇತರ ತಂದೆ-ತಾಯಂದಿರಿಗೂ ವಿದ್ಯಾರ್ಥಿಗಳಿಗೂ ಉಪಯೋಗವಾಗಲೆಂದು ಇಲ್ಲಿ ಬರೆದಿದ್ದೇನೆ.

ತಟ್ಟೆಯ ಅನ್ನದಲ್ಲಿ ಏಷ್ಯಾ

ಅಂತರರಾಷ್ಟ್ರೀಯ ಸಂಬಂಧಗಳು ಎಂಬ ಹೆಸರು ಕೇಳಿದೊಡನೆ ಕೋಟು ಹಾಕಿದ ರಾಯಭಾರಿಗಳು ಕೈ ಕುಲುಕುವ ಚಿತ್ರ ಕಣ್ಣ ಮುಂದೆ ಬರುತ್ತದೆ. ಅದು ವಿಷಯದ ಒಂದು ತುದಿ ಮಾತ್ರ. ಇನ್ನೊಂದು ತುದಿ ನಮ್ಮ ಸಿರುಗುಪ್ಪದ ಗದ್ದೆಯಲ್ಲೇ ಇದೆ.

‘ಐ.ಆರ್.’ ಎಂದರೆ ಕಾಲೇಜಿನವರಿಗೆ ಇಂಟರ್‌ನ್ಯಾಷನಲ್ ರಿಲೇಷನ್ಸ್. ನಮ್ಮ ರೈತರಿಗೆ ಅದು ಐ.ಆರ್. 64, ಐ.ಆರ್. 20 ಎಂಬ ಭತ್ತದ ತಳಿ. ಈ ಎರಡಕ್ಕೂ ನಂಟಿದೆ. ತಳಿಯ ಹೆಸರಿನಲ್ಲಿರುವ ‘ಐ.ಆರ್.’ ಬಂದದ್ದು ಫಿಲಿಪ್ಪೀನ್ಸ್‌ನಲ್ಲಿ 1960ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಿಂದ. ಅಮೆರಿಕದ ಫೋರ್ಡ್ ಮತ್ತು ರಾಕ್‌ಫೆಲ್ಲರ್ ಪ್ರತಿಷ್ಠಾನಗಳು ಫಿಲಿಪ್ಪೀನ್ಸ್ ಸರ್ಕಾರದೊಡನೆ ಸೇರಿ ಅದನ್ನು ಕಟ್ಟಿದವು. 1966ರಲ್ಲಿ ಅಲ್ಲಿಂದ ಹೊರಬಂದ ಐ.ಆರ್. 8 ಇಂಡೊನೇಷ್ಯಾದ ಎತ್ತರದ ತಳಿಗೂ ತೈವಾನಿನ ಗಿಡ್ಡ ತಳಿಗೂ ಹುಟ್ಟಿದ ಮಗು. ಏಷ್ಯಾದಲ್ಲಿ ಬರಗಾಲ ಬಂದರೆ ಜನ ಎತ್ತ ವಾಲುತ್ತಾರೋ ಎಂಬ ಶೀತಲ ಸಮರದ ಕಾಲದ ಆತಂಕವೂ ಆ ಸಂಶೋಧನೆಯ ಹಿಂದೆ ಇತ್ತು.

ನಾವು ನಿತ್ಯ ಉಣ್ಣುವ ಸೋನಾ ಮಸೂರಿಯದೂ ಇಂಥದೇ ಕಥೆ. ಸೋನಾ ಮತ್ತು ಮಹ್ಸೂರಿ ಎಂಬ ಎರಡು ತಳಿಗಳ ಸಂಕರ ಅದು. ಎರಡನೇ ಮಹಾಯುದ್ಧದ ನಂತರ ಏಷ್ಯಾದ ಹಸಿವು ನೀಗಿಸಲು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಒಂದು ಯೋಜನೆ ಹಾಕಿತು. ಒರಿಸ್ಸಾದ ಕಟಕ್‌ನಲ್ಲಿರುವ ಭತ್ತ ಸಂಶೋಧನಾ ಕೇಂದ್ರದಲ್ಲಿ ತೈವಾನ್ ಮತ್ತು ಮಲಯದ ತಳಿಗಳನ್ನು ಕೂಡಿಸಿದರು. ಆ ಬೀಜದಿಂದ ಆರಿಸಿ ತೆಗೆದ ಮಹ್ಸೂರಿ 1965ರಲ್ಲಿ ಬಿಡುಗಡೆಯಾದದ್ದು ಮಲೇಷ್ಯಾದಲ್ಲಿ. ಮಹ್ಸೂರಿ ಎಂಬುದು ಅಲ್ಲಿನ ಲಂಗ್ಕಾವಿ ದ್ವೀಪದ ದಂತಕಥೆಯೊಂದರ ನಾಯಕಿಯ ಹೆಸರೂ ಹೌದು. ಕಟಕ್‌ನಲ್ಲಿ ಕೂಡಿ, ಮಲೇಷ್ಯಾದಲ್ಲಿ ಹೆಸರು ಪಡೆದು, ತುಂಗಭದ್ರೆಯ ನೀರು ಕುಡಿದು ಬೆಳೆದ ಈ ಅಕ್ಕಿಗಿಂತ ದೊಡ್ಡ ‘ಅಂತರರಾಷ್ಟ್ರೀಯ ಸಂಬಂಧ’ದ ಉದಾಹರಣೆ ಬೇಕೆ?

ತೀರಾ ಈಚಿನ ಉದಾಹರಣೆಯನ್ನು ಆ ತಂದೆಯೇ ಕೊಟ್ಟರು. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ದೇಶದೊಳಗೆ ಬೆಲೆ ಏರಬಾರದು ಎಂಬುದು ಉದ್ದೇಶ. ಪರಿಣಾಮವಾಗಿ ಥಾಯ್ಲೆಂಡ್ ಮತ್ತು ವಿಯೆಟ್ನಾಂ ಅಕ್ಕಿಯ ಬೆಲೆ ಹದಿನೈದು ವರ್ಷಗಳಲ್ಲೇ ಕಾಣದ ಮಟ್ಟಕ್ಕೆ ಜಿಗಿಯಿತು. ಆಫ್ರಿಕದ ಬಡ ದೇಶಗಳು ಕಂಗಾಲಾದವು. 2024ರ ಸೆಪ್ಟೆಂಬರ್ 28ರಂದು ನಿಷೇಧ ತೆರವಾಯಿತು. ‘ಆ ವರ್ಷ ದೆಹಲಿ ಸುದ್ದಿ ಕೇಳದ ದಿನ ಇರಲಿಲ್ರಿ’ ಎಂದರು ಗುಮಾಸ್ತರು. ದೆಹಲಿಯಲ್ಲಿ ಹೊರಟ ಒಂದು ಆದೇಶ ಸಿರುಗುಪ್ಪದ ಗಿರಣಿಯನ್ನೂ ದೂರದ ಬಂದರಿನ ಬಡವನ ಅನ್ನವನ್ನೂ ಒಟ್ಟಿಗೆ ಹೇಗೆ ಮುಟ್ಟುತ್ತದೆ ಎಂಬುದನ್ನು ಬಿಡಿಸಿ ನೋಡುವುದೇ ಅವರ ಮಗಳು ಓದಬೇಕೆಂದಿರುವ ವಿಷಯ.

ಬಳ್ಳಾರಿ ನಗರಕ್ಕೆ ಬಂದರೂ ಅಷ್ಟೆ. ಚೀನಾದಲ್ಲಿ ಉಕ್ಕಿನ ಬೇಡಿಕೆ ಏರಿದಾಗ ಸಂಡೂರು-ಬಳ್ಳಾರಿಯ ಅದಿರಿಗೆ ಬಂಗಾರದ ಬೆಲೆ ಬಂತು. ಆ ಹಣದ ಜೊತೆ ಬಂದ ಅಕ್ರಮವೂ ಕೆಂಧೂಳೂ ನಮಗೆ ಗೊತ್ತೇ ಇದೆ. 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ತಡೆಯಿತು. ಇನ್ನು ನಮ್ಮ ಜೀನ್ಸ್ ಹೊಲಿಗೆಯವರು ಪೈಪೋಟಿ ನಡೆಸಬೇಕಾದದ್ದು ಬಾಂಗ್ಲಾದೇಶದೊಂದಿಗೆ. ಹಿಂದುಳಿದ ರಾಷ್ಟ್ರಗಳ ಪಟ್ಟಿಯಲ್ಲಿರುವ ಕಾರಣ ಅದರ ಉಡುಪುಗಳಿಗೆ ಯುರೋಪಿನ ಬಾಗಿಲು ಸುಂಕವಿಲ್ಲದೆ ತೆರೆದಿದೆ.

ಬಳ್ಳಾರಿಯ ಸಂಸದರೊಬ್ಬರ ಕಥೆ

‘ಇದೆಲ್ಲ ದೊಡ್ಡ ಊರಿನವರ ಓದು’ ಎನ್ನುವವರಿಗೆ ಒಂದು ಹೆಸರು ನೆನಪಿಸಬೇಕು: ಡಾ. ವಿ.ಕೆ.ಆರ್.ವಿ. ರಾವ್. 1967 ಮತ್ತು 1971ರ ಚುನಾವಣೆಗಳಲ್ಲಿ ಬಳ್ಳಾರಿ ಲೋಕಸಭಾ ಕ್ಷೇತ್ರದಿಂದ ಆರಿಸಿ ಹೋದವರು. ಕೇಂಬ್ರಿಜ್‌ನಲ್ಲಿ ಓದಿ, ಭಾರತದ ರಾಷ್ಟ್ರೀಯ ವರಮಾನವನ್ನು ಲೆಕ್ಕ ಹಾಕುವ ಕೆಲಸಕ್ಕೆ ಬುನಾದಿ ಹಾಕಿದ ಅರ್ಥಶಾಸ್ತ್ರಜ್ಞ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಮತ್ತು 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ, ಅಂದರೆ ‘ಐಸೆಕ್’, ಅವರು ಕಟ್ಟಿದವು. ಕಾಲೇಜುಗಳಲ್ಲಿ ನಮ್ಮ ಮಕ್ಕಳು ಸೇರುವ ಎನ್.ಎಸ್.ಎಸ್. ಕೂಡ 1969ರಲ್ಲಿ ಅವರು ಕೇಂದ್ರ ಶಿಕ್ಷಣ ಸಚಿವರಾಗಿದ್ದಾಗ ಆರಂಭವಾದದ್ದು.

ನಮ್ಮ ವಿಷಯಕ್ಕೆ ಸಂಬಂಧಿಸಿದ ಸಂಗತಿ ಇದಕ್ಕೂ ಹಿಂದಿನದು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ರಾವ್ ಅವರು ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಉಪ ಆಯೋಗದ ಅಧ್ಯಕ್ಷರಾಗಿದ್ದರು. ಬಡ ರಾಷ್ಟ್ರಗಳಿಗೆ ಮಾರುಕಟ್ಟೆಯ ಬಡ್ಡಿಗೆ ಸಾಲ ಕೊಟ್ಟರೆ ಅವು ಎಂದೂ ಮೇಲೇಳಲಾರವು. ಸುಲಭ ಷರತ್ತಿನ ನೆರವಿಗಾಗಿ ವಿಶ್ವಸಂಸ್ಥೆಯ ಅಡಿಯಲ್ಲೇ ಪ್ರತ್ಯೇಕ ಸಂಸ್ಥೆ ಬೇಕು ಎಂದು 1949ರಲ್ಲಿ ಸೂಚಿಸಿದರು. ಅಂದು ಶ್ರೀಮಂತ ರಾಷ್ಟ್ರಗಳು ಒಪ್ಪಲಿಲ್ಲ. ಹತ್ತು ವರ್ಷಗಳ ವಾಗ್ವಾದದ ನಂತರ 1960ರಲ್ಲಿ, ಅವರು ಬಯಸಿದಂತೆ ವಿಶ್ವಸಂಸ್ಥೆಯಲ್ಲಿ ಅಲ್ಲದಿದ್ದರೂ, ವಿಶ್ವಬ್ಯಾಂಕಿನ ಅಂಗವಾಗಿ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘ ಹುಟ್ಟಿತು. 2002ರಲ್ಲಿ ಆರಂಭವಾದ ಕರ್ನಾಟಕದ ಕೆರೆಗಳ ಪುನಶ್ಚೇತನ ಯೋಜನೆಗೂ ಆ ಸಂಘದ ಸಾಲ ಬಂದಿತ್ತು. ನ್ಯೂಯಾರ್ಕಿನಲ್ಲಿ ಆಡಿದ ವಾದವೊಂದು ನಮ್ಮ ಕೆರೆಯ ಏರಿಯವರೆಗೆ ಬಂದು ಮುಟ್ಟಿದ ಬಗೆ ಇದು.

ಎರಡು ವರ್ಷ ಏನು ಕಲಿಸುತ್ತಾರೆ?

ಎಂ.ಎ. ಅವಧಿ ಸಾಮಾನ್ಯವಾಗಿ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಅಂತರರಾಷ್ಟ್ರೀಯ ರಾಜಕೀಯದ ಸಿದ್ಧಾಂತಗಳು, 1945ರ ನಂತರದ ಜಗತ್ತಿನ ಇತಿಹಾಸ, ಭಾರತದ ವಿದೇಶಾಂಗ ನೀತಿ, ಅಂತರರಾಷ್ಟ್ರೀಯ ಕಾನೂನು, ವಾಣಿಜ್ಯ ಮತ್ತು ಹಣಕಾಸು, ವಿಶ್ವಸಂಸ್ಥೆಯಂಥ ಸಂಸ್ಥೆಗಳ ಕಾರ್ಯವಿಧಾನ ಇವು ಮುಖ್ಯ ಭಾಗ. ಜೊತೆಗೆ ದಕ್ಷಿಣ ಏಷ್ಯಾ, ಆಗ್ನೇಯ ಏಷ್ಯಾ, ಚೀನಾ, ಜಪಾನ್ ಹೀಗೆ ಒಂದು ಪ್ರದೇಶದ ಆಳವಾದ ಅಧ್ಯಯನವೂ ಇರಬಹುದು.

ಅಭಿವೃದ್ಧಿ ಅಧ್ಯಯನ ಇದರ ಒಡಹುಟ್ಟು. ಒಂದು ದೇಶದ ಆದಾಯ ಹೆಚ್ಚಿದರೆ ಸಾಕೆ, ಅದರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ, ತಾಯಂದಿರು ಬದುಕುಳಿಯುತ್ತಿದ್ದಾರೆಯೇ ಎಂದು ಕೇಳುವ ಶಾಸ್ತ್ರ ಇದು. 1990ರಲ್ಲಿ ಹೊರಬಂದ ವಿಶ್ವಸಂಸ್ಥೆಯ ಮೊದಲ ಮಾನವ ಅಭಿವೃದ್ಧಿ ವರದಿಯ ಹಿಂದೆ ಇದ್ದವರು ಪಾಕಿಸ್ತಾನದ ಮಹಬೂಬ್ ಉಲ್ ಹಕ್. ಜೊತೆಗೆ ನೆರವಾದವರು ನಮ್ಮ ಅಮರ್ತ್ಯ ಸೇನ್. ಅದೇ ಬಗೆಯ ಅಳತೆಗೋಲನ್ನು ನಮ್ಮಲ್ಲಿಯೂ ಬಳಸಿದ್ದಾರೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳನ್ನಿಟ್ಟುಕೊಂಡು ರಾಜ್ಯದ 175 ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ಹೇಳಿತು. ವಿಜ್ಞಾನದ ಮೇಷ್ಟ್ರಾದ ನನಗೆ ಇದು ಹಿಡಿಸಿತು. ಅಳತೆ ಇದ್ದಲ್ಲಿ ವಾದಕ್ಕೆ ನೆಲೆ ಇರುತ್ತದೆ. ಅಂಕಿ-ಅಂಶಗಳಿಗೆ ಹೆದರುವವರು ಈ ಓದಿಗೆ ಬರುವ ಮುನ್ನ ಎರಡು ಸಲ ಯೋಚಿಸಬೇಕು.

ಎಲ್ಲಿ ಓದಬಹುದು?

ಬಿ.ಎ. ಮಾತ್ರವಲ್ಲ, ಬಿ.ಎಸ್ಸಿ., ಬಿ.ಕಾಂ. ಮಾಡಿದವರಿಗೂ ಬಹಳಷ್ಟು ಕಡೆ ಅವಕಾಶವಿದೆ. ಕನಿಷ್ಠ ಅಂಕಗಳ ಮಿತಿಯನ್ನು ಆಯಾ ವರ್ಷದ ಪ್ರವೇಶ ಕೈಪಿಡಿಯಲ್ಲೇ ನೋಡಿಕೊಳ್ಳಬೇಕು.

ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಅಧ್ಯಯನ ವಿಭಾಗ ಇವುಗಳಲ್ಲಿ ಹಿರಿಯದು. 1955ರಲ್ಲಿ ಪ್ರತ್ಯೇಕ ಸಂಸ್ಥೆಯಾಗಿ ಹುಟ್ಟಿ 1970ರಲ್ಲಿ ವಿಶ್ವವಿದ್ಯಾಲಯದೊಳಗೆ ಸೇರಿತು. ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯ, ಕೊಟ್ಟಾಯಂನ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯಗಳಲ್ಲೂ ವಿಭಾಗಗಳಿವೆ. ನಮ್ಮ ಕನ್ನಡಿಗರಿಗೆ ಹತ್ತಿರದ್ದೆಂದರೆ ಕಾಸರಗೋಡಿನ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ. ಮಣಿಪಾಲದಲ್ಲೂ ಭೂರಾಜಕೀಯ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ. ಇದೆ, ಅದು ಖಾಸಗಿ, ಶುಲ್ಕ ಹೆಚ್ಚು. ಅಭಿವೃದ್ಧಿ ಅಧ್ಯಯನಕ್ಕೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಹೆಸರಾದವು. ಅಜೀಂ ಪ್ರೇಮ್‌ಜಿಯಲ್ಲಿ ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುವ ಪದ್ಧತಿ ಇದೆ.

ವಿಶೇಷವಾಗಿ ಹೇಳಬೇಕಾದದ್ದು ದೆಹಲಿಯ ಸೌತ್ ಏಷ್ಯನ್ ಯೂನಿವರ್ಸಿಟಿ. ಸಾರ್ಕ್‌ನ ಎಂಟು ರಾಷ್ಟ್ರಗಳ ಒಪ್ಪಂದದಿಂದ ಹುಟ್ಟಿ 2010ರಲ್ಲಿ ತರಗತಿ ಆರಂಭಿಸಿದ ಇಲ್ಲಿ ನೇಪಾಳ, ಬಾಂಗ್ಲಾದೇಶ, ಭೂತಾನದ ಮಕ್ಕಳ ಜೊತೆ ಕುಳಿತು ಓದಬಹುದು. ಪ್ರವೇಶ ಪರೀಕ್ಷೆ ಅದರದೇ. ಒಂದು ಮಾತು: ಸಾರ್ಕ್‌ನ ಎರಡನೇ ಶೃಂಗಸಭೆ 1986ರಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದಿತ್ತು, 2014ರ ಕಠ್ಮಂಡು ಸಭೆಯ ನಂತರ ಮಾತ್ರ ಶೃಂಗಸಭೆ ನಡೆದಿಲ್ಲ. ಸರ್ಕಾರಗಳ ಮುನಿಸಿನ ಬಿಸಿ ತರಗತಿಗೂ ತಟ್ಟುತ್ತದೆ ಎಂಬುದನ್ನು ಅಲ್ಲಿನ ವಿದ್ಯಾರ್ಥಿ ಪುಸ್ತಕವಿಲ್ಲದೆಯೇ ಕಲಿಯುತ್ತಾನೆ.

ಊರು ಬಿಡಲಾಗದವರು ನಿರಾಶರಾಗಬೇಕಿಲ್ಲ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳಲ್ಲಿ ಎಂ.ಎ. ಮಾಡಿ, ಆಮೇಲೆ ಸಂಶೋಧನೆಯಲ್ಲಿ ಈ ವಿಷಯಕ್ಕೆ ಹೊರಳಬಹುದು. 371-ಜೆ ವಿಧಿಯ ಮೀಸಲಾತಿ ಇಲ್ಲಿ ಸಿಗುತ್ತದೆ. ದೆಹಲಿಯಲ್ಲಿ ಅದು ನಡೆಯುವುದಿಲ್ಲ.

ಇಂಗ್ಲಿಷ್ ಎಂಬ ಹೊಳೆ

ಕೇಂದ್ರೀಯ ವಿಶ್ವವಿದ್ಯಾಲಯಗಳ ಎಂ.ಎ. ಪ್ರವೇಶಕ್ಕೆ 2022ರಿಂದ ‘ಸಿ.ಯು.ಇ.ಟಿ.-ಪಿ.ಜಿ.’ ಎಂಬ ಸಾಮಾನ್ಯ ಪರೀಕ್ಷೆ ಇದೆ. ಕಂಪ್ಯೂಟರಿನಲ್ಲಿ ಬರೆಯುವ, ಸರಿ ಉತ್ತರ ಆರಿಸುವ ಪರೀಕ್ಷೆ. ತಪ್ಪಾದರೆ ಅಂಕ ಕಳೆಯುತ್ತಾರೆ. ಪದವಿ ಪ್ರವೇಶದ ಸಿ.ಯು.ಇ.ಟಿ.ಯನ್ನು ಕನ್ನಡದಲ್ಲಿ ಬರೆಯಬಹುದು. ಆದರೆ ಎಂ.ಎ. ಪರೀಕ್ಷೆಯ ಪ್ರಶ್ನೆಪತ್ರಿಕೆ, ಭಾಷಾ ವಿಷಯಗಳನ್ನು ಬಿಟ್ಟರೆ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದ ಸಿರುಗುಪ್ಪದ ಮಗುವಿಗೆ ಇದೇ ದೊಡ್ಡ ಹೊಳೆ. ಇದು ನ್ಯಾಯವೇ ಎಂದು ಕೇಳುವ ಹಕ್ಕು ನಮಗಿದೆ, ಕೇಳಲೂಬೇಕು. ಆದರೆ ಉತ್ತರ ಬರುವವರೆಗೆ ಮಗು ದಡದಲ್ಲೇ ಕೂರುವಂತಿಲ್ಲ.

ಪದವಿಯ ಮೊದಲ ವರ್ಷದಿಂದಲೇ ದಿನಕ್ಕೊಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಪುಟವನ್ನು ನಿಘಂಟು ಇಟ್ಟುಕೊಂಡು ಓದುವುದು, ಓದಿದ್ದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯುವುದು, ಅದನ್ನೇ ಮರುದಿನ ಇಂಗ್ಲಿಷಿಗೆ ತಿರುಗಿಸುವುದು: ಖರ್ಚಿಲ್ಲದ ಈ ಅಭ್ಯಾಸಕ್ಕೆ ಸಮನಾದ ಕೋಚಿಂಗ್ ಇಲ್ಲ. ನನ್ನ ವಿದ್ಯಾರ್ಥಿನಿಯ ಬಳಿ ಇಂಥ ಮೂರು ನೋಟುಪುಸ್ತಕಗಳಿದ್ದವು. ಅವನ್ನು ನೋಡಿದ ಮೇಲೆಯೇ ನನಗೆ ಅವಳ ಹಟದ ಆಳ ತಿಳಿದದ್ದು.

ಹಣದ ಮಾತು

ಜೆ.ಎನ್.ಯು.ನಲ್ಲಿ ಎಂ.ಎ.ಯ ಬೋಧನಾ ಶುಲ್ಕ ವರ್ಷಕ್ಕೆ ಕೆಲವೇ ನೂರು ರೂಪಾಯಿ. ಊಟ, ರೈಲು, ಪುಸ್ತಕಗಳ ಖರ್ಚೇ ಹೆಚ್ಚು. ಹಾಸ್ಟೆಲ್ ಸಿಗುವವರೆಗಿನ ಕೆಲವು ತಿಂಗಳು ಕಷ್ಟದವು. ಅಷ್ಟಕ್ಕೆ ಹಣ ಕೂಡಿಟ್ಟುಕೊಂಡೇ ಹೊರಡಬೇಕು.

ಏಷ್ಯಾದ ಇತರ ದೇಶಗಳಲ್ಲಿ ಓದಲು ವಿದ್ಯಾರ್ಥಿ ವೇತನಗಳಿವೆ. ಜಪಾನ್ ಸರ್ಕಾರದ ‘ಮೆಕ್ಸ್ಟ್’ ವೇತನ ಸಿಕ್ಕರೆ ಶುಲ್ಕ, ಮಾಸಿಕ ಖರ್ಚು, ವಿಮಾನದ ಟಿಕೆಟ್ ಎಲ್ಲವೂ ಅವರದೇ. ಅಲ್ಲಿನ ನಗೋಯಾ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಅಭಿವೃದ್ಧಿಗೆಂದೇ 1991ರಿಂದ ಪ್ರತ್ಯೇಕ ಸ್ನಾತಕೋತ್ತರ ಶಾಲೆ ಇದೆ. ನೀಗಾಟಾದ ಅಂತರರಾಷ್ಟ್ರೀಯ ವಿಶ್ವವಿದ್ಯಾಲಯ ಇಂಗ್ಲಿಷಿನಲ್ಲೇ ಪಾಠ ಹೇಳುತ್ತದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕು ಮತ್ತು ಜಪಾನ್ ಸೇರಿ 1988ರಿಂದ ಕೊಡುತ್ತಿರುವ ವೇತನಕ್ಕೆ ಪದವಿಯ ನಂತರ ಎರಡು ವರ್ಷ ಕೆಲಸದ ಅನುಭವ ಬೇಕು. ಬ್ಯಾಂಕಾಕಿನ ಚುಲಾಲೊಂಗ್‌ಕೊರ್ನ್ ವಿಶ್ವವಿದ್ಯಾಲಯ, ಸಿಂಗಪುರದ ಲೀ ಕುವಾನ್ ಯೂ ಶಾಲೆಗಳಿಗೂ ನಮ್ಮವರು ಅರ್ಜಿ ಹಾಕಬಹುದು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಷರತ್ತುಗಳನ್ನು ಪೂರ್ತಿ ಓದಿಯೇ ಅರ್ಜಿ ಹಾಕಬೇಕು.

ಇಲ್ಲೊಂದು ಎಚ್ಚರಿಕೆ. ‘ಸೀಟು ಕೊಡಿಸುತ್ತೇವೆ’ ಎಂದು ಬರುವ ಏಜೆಂಟರ ಕೈಗೆ ಹಣ ಕೊಡಬೇಡಿ. ಮೇಲೆ ಹೇಳಿದ ಯಾವುದಕ್ಕೂ ಮಧ್ಯವರ್ತಿ ಬೇಕಿಲ್ಲ. ವಿದೇಶಿ ಪದವಿಯ ಮಾನ್ಯತೆಗೆ ಯು.ಜಿ.ಸಿ. 2025ರಲ್ಲಿ ಹೊಸ ನಿಯಮ ತಂದಿದೆ. ಹೊರಡುವ ಮುನ್ನವೇ ಅದನ್ನು ನೋಡಿಕೊಳ್ಳಿ. ಹೊಲ ಒತ್ತೆ ಇಟ್ಟು ಓದುವಂಥ ಕೋರ್ಸು ಇದಲ್ಲ. ವೇತನ ಸಿಕ್ಕರೆ ಹೋಗಬೇಕು, ಇಲ್ಲವಾದರೆ ದೇಶದೊಳಗೇ ಓದಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಓದಿದ ಮೇಲೆ?

‘ಏನಾಗ್ತಾಳ್ರಿ?’ ಎಂಬ ಪ್ರಶ್ನೆಗೆ ಸುತ್ತಿ ಬಳಸದೆ ಉತ್ತರ ಹೇಳಬೇಕು. ಈ ಎಂ.ಎ. ಮುಗಿಸಿದ ಮಾತ್ರಕ್ಕೆ ಯಾರೂ ರಾಯಭಾರಿ ಆಗುವುದಿಲ್ಲ. ವಿದೇಶಾಂಗ ಸೇವೆಗೆ ಹೋಗಲು ಯು.ಪಿ.ಎಸ್.ಸಿ.ಯ ನಾಗರಿಕ ಸೇವಾ ಪರೀಕ್ಷೆ ಗೆಲ್ಲಬೇಕು. ಅದಕ್ಕೆ ಯಾವುದೇ ಪದವಿ ಸಾಕು. ಸಮಾಧಾನದ ಸಂಗತಿಯೆಂದರೆ ಅದರ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಮತ್ತು ಈ ಓದು ಅದರ ಪಠ್ಯಕ್ಕೆ ಬಹಳ ಹತ್ತಿರ.

ಎನ್.ಇ.ಟಿ. ಪಾಸಾದರೆ ಕಾಲೇಜು ಅಧ್ಯಾಪಕ ವೃತ್ತಿ ಮತ್ತು ಸಂಶೋಧನೆಯ ದಾರಿ ಇದೆ. ಸ್ವಯಂಸೇವಾ ಸಂಸ್ಥೆಗಳು, ನೀತಿ ಸಂಶೋಧನಾ ಕೇಂದ್ರಗಳು, ಪತ್ರಿಕೋದ್ಯಮ, ರಫ್ತು ಕಂಪನಿಗಳು, ವಿಶ್ವಸಂಸ್ಥೆಯ ಅಂಗಸಂಸ್ಥೆಗಳಲ್ಲಿ ಕೆಲಸವಿದೆ. ಎಲ್ಲದರಲ್ಲೂ ಪೈಪೋಟಿ ಇದೆ. ಮೊದಲ ಕೆಲಸ ಸಿಗುವುದು ತಡವಾಗಬಹುದು, ಸಂಬಳವೂ ಸಾಫ್ಟ್‌ವೇರಿನವರಷ್ಟು ಇರಲಾರದು. ಚೀನಿ, ಜಪಾನಿ ಅಥವಾ ಬರ್ಮೀಯಂಥ ಒಂದು ಏಷ್ಯಾದ ಭಾಷೆ ಕಲಿತವರಿಗೆ, ಲೆಕ್ಕ-ಅಂಕಿಗಳಲ್ಲಿ ಪಳಗಿದವರಿಗೆ ಮಾತ್ರ ಬಾಗಿಲು ಬೇಗ ತೆರೆಯುತ್ತದೆ. ಜೊತೆಗೊಂದು ಬದಲಿ ದಾರಿ, ಬಿ.ಇಡಿ. ಆಗಲಿ ಕೆ.ಪಿ.ಎಸ್.ಸಿ. ಪರೀಕ್ಷೆಯಾಗಲಿ, ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಜಾಣತನ.

ಇಷ್ಟನ್ನೂ ಒಂದು ಹಾಳೆಯಲ್ಲಿ, ಎಡಕ್ಕೆ ಲಾಭ ಬಲಕ್ಕೆ ನಷ್ಟ ಎಂದು ಬರೆದು, ಜನವರಿಯಲ್ಲಿ ಸಿರುಗುಪ್ಪಕ್ಕೆ ಹೋಗಿ ಆ ತಂದೆಯ ಕೈಗೆ ಕೊಟ್ಟೆ. ಲೆಕ್ಕ ಬರೆಯುವ ಮನುಷ್ಯರಲ್ಲವೇ, ಎರಡು ಸಲ ಓದಿದರು. ಬಲಗಡೆಯ ಪಟ್ಟಿ ಉದ್ದವಿತ್ತು. ಹುಡುಗಿ ಬಾಗಿಲ ಬಳಿ ನಿಂತಿದ್ದಳು. ನಾನು ಅಷ್ಟೂ ವರ್ಷಗಳ ಹಿಂದೆ ಹೇಳಬೇಕಾಗಿದ್ದ ಮಾತನ್ನು ಅಂದು ಹೇಳಿದೆ: ‘ಹತ್ತನೇ ಕ್ಲಾಸಿನಲ್ಲಿ ನಾನು ಇವಳನ್ನು ಕೇಳದೆ ದಾರಿ ತೋರಿಸಿದೆ. ಎರಡು ವರ್ಷ ಹಾಳಾಯಿತು. ಈ ಸಲ ಅವಳನ್ನು ಕೇಳಿ.’

ಅವರು ಮಗಳ ಕಡೆ ತಿರುಗಿದರು. ‘ಸೀಟು ಸಿಗಲಿಲ್ಲಂದ್ರ?’

‘ಬಳ್ಳಾರಿಯಾಗ ಅರ್ಥಶಾಸ್ತ್ರ ಓದ್ತೀನಪ್ಪ. ಮುಂದಿನ ವರ್ಷ ಮತ್ತ ಬರೀತೀನಿ.’

ಮಾರ್ಚಿನಲ್ಲಿ ಅವಳು ಪರೀಕ್ಷೆ ಬರೆದಳು. ಇದನ್ನು ಬರೆಯುವ ಹೊತ್ತಿಗೆ ಸೀಟಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಆಗುತ್ತದೆಂದು ಭರವಸೆ ಕೊಡಲು ನಾನು ಯಾರು? ಆದರೆ ಮೊನ್ನೆ ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯ ಮುಂದೆ ಸಿಕ್ಕ ಗುಮಾಸ್ತರು ಒಂದು ಸುದ್ದಿ ಹೇಳಿದರು. ಸಂಬಂಧದ ಮಾತು ತಂದವರಿಗೆ ‘ಎರಡು ವರ್ಷ ತಡೀರಿ, ಹುಡುಗಿ ಓದಾಕತ್ತಾಳ’ ಎಂದು ಹೇಳಿ ಕಳುಹಿಸಿದ್ದಾರಂತೆ.